ಕುತ್ತಿಗೆಯ ಗಂಟು: ಸೂಜಿ ಪರೀಕ್ಷೆ ಆದ ಮೇಲೂ ಬಯಾಪ್ಸಿ ಏಕೆ?

ದಾವಣಗೆರೆ ಅಕ್ಕ:
ನನ್ನ ತಮ್ಮನಿಗೆ 24 ವರ್ಷ. ಕುತ್ತಿಗೆಯ ಎಡಬದಿಯಲ್ಲಿ ಗಂಟು, ಸಂಜೆಯಾದರೆ ಜ್ವರ, ತೂಕವೂ ಇಳಿದಿದೆ. ಎಫ್‌ಎನ್‌ಎಸಿ (ಸಣ್ಣ ಸೂಜಿ ಚುಚ್ಚಿ ಕೋಶ ತೆಗೆದು ನೋಡುವ ಪರೀಕ್ಷೆ) ಮಾಡಿಸಿದೆವು. ರೋಗ ಯಾವುದೆಂದು ವರದಿ ಹೇಳಿಲ್ಲ, ಗಂಟನ್ನೇ ತೆಗೆದು ಬಯಾಪ್ಸಿ ಮಾಡಿಸಿ ಎಂದಿದೆ. ಪರಿಚಯದ ವೈದ್ಯರೊಬ್ಬರು ಟಿಬಿ ಮಾತ್ರೆ ಶುರುಮಾಡಿ ನೋಡೋಣ ಎನ್ನುತ್ತಾರೆ. ದೊಡ್ಡಪ್ಪನಂತೂ ಗಂಟಿಗೆ ಕತ್ತಿ ತಾಗಿಸಿದರೆ ಹರಡುತ್ತದೆ ಎಂದು ಹಟ ಹಿಡಿದಿದ್ದಾರೆ. ಏನು ಮಾಡುವುದು?

ಮಲೆನಾಡಿಗ:
ನಮ್ಮ ಮಾವನಿಗೆ ಸೂಜಿಯಲ್ಲೇ ಟಿಬಿ ಎಂದು ಗೊತ್ತಾಗಿತ್ತು. ಇನ್ನೊಂದು ಲ್ಯಾಬಿನಲ್ಲಿ ಮತ್ತೊಮ್ಮೆ ಚುಚ್ಚಿಸಿ ನೋಡಬಹುದಲ್ಲವೇ?

ಸ್ಲೈಡ್ ಮೇಷ್ಟ್ರು:
ಮತ್ತೆ ಚುಚ್ಚಿಸಿದರೆ ಬಹುಶಃ ಅದೇ ಉತ್ತರ ಬರುತ್ತದೆ. ನಾನು ವೈದ್ಯನಲ್ಲ, ಪೆಥಾಲಜಿ ಲ್ಯಾಬಿನಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು. ಸಣ್ಣ ಸೂಜಿಯಲ್ಲಿ ಬರುವುದು ಬಿಡಿಬಿಡಿ ಜೀವಕೋಶಗಳು ಮಾತ್ರ. ಥೈರಾಯ್ಡ್ ಗಂಟಿಗೆ ಅನೇಕ ಸಲ ಅಷ್ಟೇ ಸಾಕು, ಟಿಬಿಯೂ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಲಿಂಫೋಮಾ, ಅಂದರೆ ಲಿಂಫ್ ಗ್ರಂಥಿಯ ಕ್ಯಾನ್ಸರ್, ಹಾಗಲ್ಲ. ಅಲ್ಲಿ ಕೋಶಗಳು ಗ್ರಂಥಿಯೊಳಗೆ ಹೇಗೆ ಜೋಡಣೆಯಾಗಿವೆ ಎಂಬುದೇ ಮುಖ್ಯ. ಅದನ್ನು ನೋಡಲು ಇಡೀ ಗ್ರಂಥಿ ಬೇಕು. ವರದಿ ಬರೆದವರು ಕೈಚೆಲ್ಲಿಲ್ಲ, ತಮಗೆ ಕಂಡಷ್ಟನ್ನೇ ಹೇಳಿದ್ದಾರೆ. ನನ್ನ ಪ್ರಕಾರ ಅದು ಒಳ್ಳೆಯ ವರದಿ.

ದಪ್ಪ ಸೂಜಿಯ ಕೋರ್ ಬಯಾಪ್ಸಿಯೂ ಇದೆ, ಸ್ತನ, ಯಕೃತ್ತು, ಹೊಟ್ಟೆಯೊಳಗಿನ ಗ್ರಂಥಿಗಳಿಗೆ ಅದನ್ನು ಬಳಸುತ್ತಾರೆ. ಕೈಗೆ ಸಿಗುವ ಗಂಟನ್ನು ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಪೂರ್ತಿ ತೆಗೆಯುವುದೇ ಮೇಲು.

ಇನ್ನು ಯಾರೂ ಹೇಳದ ಮಾತು. ಎರಡು ಬಾಟಲಿ ಬೇಕಾಗುತ್ತದೆಯೇ ಎಂದು ಸರ್ಜನ್ ಅವರನ್ನು ಮೊದಲೇ ಕೇಳಿ. ಒಂದರಲ್ಲಿ ಫಾರ್ಮಲಿನ್ (ತುಂಡು ಕೊಳೆಯದಂತೆ ಕಾಪಾಡುವ ದ್ರವ), ತುಂಡಿನ ಹತ್ತು ಪಟ್ಟಾದರೂ ಇರಬೇಕು. ಇನ್ನೊಂದರಲ್ಲಿ ಬರೀ ಸಲೈನ್, ಟಿಬಿ ಕಲ್ಚರ್ (ಕ್ರಿಮಿ ಬೆಳೆಸಿ ನೋಡುವುದು) ಮತ್ತು ಸಿಬಿನಾಟ್ (ಕ್ರಿಮಿಯ ಡಿಎನ್ಎ ಹುಡುಕುವುದು) ಪರೀಕ್ಷೆಗೆ. ಇಡೀ ಗಂಟನ್ನು ಫಾರ್ಮಲಿನ್‌ಗೆ ಹಾಕಿದರೆ ಕ್ರಿಮಿ ಸತ್ತುಹೋಗುತ್ತದೆ, ಆಮೇಲೆ ಕಲ್ಚರ್ ಮಾಡಲಾಗದು. ಕೊಯ್ದಾಗ ಒಡೆದ ಗಿಣ್ಣಿನಂಥ ಬಿಳಿ ಪುಡಿ ಕಂಡು ಟಿಬಿ ಇರಬಹುದೆಂದು ಅನಿಸಿದರೂ ಕ್ರಿಮಿ ಬೆಳೆಸಲು ಏನೂ ಉಳಿದಿರದ ಪ್ರಸಂಗಗಳನ್ನು ಬೇಕಾದಷ್ಟು ಕಂಡಿದ್ದೇನೆ. ಬಾಟಲಿಯ ಬಾಯಿ ಅಗಲವಾಗಿರಲಿ. ಹೆಸರಿನ ಚೀಟಿ ಬಾಟಲಿಯ ಮೈಮೇಲೆ ಇರಲಿ, ಮುಚ್ಚಳದ ಮೇಲೆ ಬೇಡ. ಮೇಜಿನ ಮೇಲೆ ಹತ್ತು ಮುಚ್ಚಳ ಒಟ್ಟಿಗೆ ಬಿದ್ದಿರುತ್ತವೆ!

ಸರ್ಜನ್ ಹೇಳುವ ತನಕ ಟಿಬಿ ಮಾತ್ರೆಯನ್ನು ಅಂದಾಜಿನ ಮೇಲೆ ಶುರುಮಾಡಬೇಡಿ. ಸ್ಟೀರಾಯ್ಡ್ ಅಂತೂ ಬೇಡವೇ ಬೇಡ. ಲಿಂಫೋಮಾ ಆಗಿದ್ದರೆ ಗಂಟು ಕರಗಿದಂತೆ ಕಂಡು, ಬಯಾಪ್ಸಿಯಲ್ಲೂ ರೋಗ ಮರೆಯಾಗಬಹುದು.

ದಾವಣಗೆರೆ ಅಕ್ಕ:
ತುಂಬಾ ಉಪಕಾರವಾಯಿತು ಸರ್. ಹರಡುವ ಮಾತು ಸುಳ್ಳೇ? ದೊಡ್ಡಪ್ಪನಿಗೆ ಏನು ಹೇಳಲಿ?

ಸ್ಲೈಡ್ ಮೇಷ್ಟ್ರು:
ಅವರ ಮಾತಿನಲ್ಲಿ ಒಂದು ಎಳೆಯಷ್ಟು ನಿಜವಿದೆ ತಾಯಿ. ವೃಷಣದಲ್ಲಿ ಕ್ಯಾನ್ಸರ್ ಶಂಕೆಯಿದ್ದರೆ ಚೀಲದ ಮೂಲಕ ಚುಚ್ಚುವುದಿಲ್ಲ, ತೊಡೆಸಂದಿಯಿಂದಲೇ ತೆಗೆಯುತ್ತಾರೆ. ಕುತ್ತಿಗೆಯ ಗ್ರಂಥಿಗೆ ಆ ಭಯ ಬೇಡ. ಸೂಜಿಯ ದಾರಿಯಲ್ಲಿ ಹರಡುವುದು ತೀರಾ ಅಪರೂಪ, ಇಲ್ಲಿ ಗಂಟನ್ನೇ ಇಡಿಯಾಗಿ ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ನುಂಗುತ್ತಿದ್ದರೆ ಮುಂಚೆಯೇ ತಿಳಿಸಿ.

ವರದಿ ಬಂದ ಮೇಲೆ ಮೇಣದ ಬ್ಲಾಕ್, ಅಂದರೆ ತುಂಡನ್ನು ಹುದುಗಿಸಿಟ್ಟ ಮೇಣದ ಗಟ್ಟಿ, ಲ್ಯಾಬಿನಲ್ಲೇ ಇರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಸ್ಲೈಡ್ ಜೊತೆ ಬ್ಲಾಕನ್ನೂ ಕೇಳಿ ಪಡೆಯಿರಿ, ಮತ್ತೆ ಕೊಯ್ಯಬೇಕಾಗುವುದಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ಬೈಕಿನ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ಮೇಣ ಕರಗಬಹುದು. ಮತ್ತೆ, ಶನಿವಾರ ಮಧ್ಯಾಹ್ನ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಳ್ಳಬೇಡಿ. ಸಲೈನ್ ಬಾಟಲಿ ಭಾನುವಾರವಿಡೀ ಕಾಯುತ್ತಾ ಕುಳಿತಿರುತ್ತದೆ.