ಸಹಾಯ ಬೇಕು: ಡ್ರೂಲ್ಸ್‌ನಲ್ಲಿ ಬೇಡದ ಆಬ್ಜೆಕ್ಟ್‌ಗೆ ಟ್ರೇಟ್ ಸೇರದಂತೆ ತಡೆಯುವುದು ಹೇಗೆ?

ಡ್ರೂಲ್ಸ್‌ (ಜಾವಾದ ರೂಲ್ ಎಂಜಿನ್) ಒಳಗೆ ಟ್ರೇಟ್, ಅಂದರೆ ಆಬ್ಜೆಕ್ಟ್‌ಗೆ ಆಮೇಲೆ ಸೇರಿಸಬಹುದಾದ ಹೆಚ್ಚುವರಿ ಟೈಪ್, ಬಳಸಿದವರು ಯಾರಾದರೂ ಇದ್ದೀರಾ? ರೂಲ್ ಓಡುವಾಗಲೇ ಡಾನ್ ಅಂತ ಕರೆದರೆ ಆಬ್ಜೆಕ್ಟ್‌ಗೆ ಹೊಸ ಟೈಪ್ ಸಿಗುತ್ತದೆ, ಶೆಡ್ ಅಂದರೆ ಹೋಗುತ್ತದೆ, ಅಲ್ವಾ. ಅಷ್ಟು ಚೆನ್ನಾಗಿದೆ. ಆದರೆ ನಮ್ಮಲ್ಲಿ ಒಂದು ರೂಲ್ ಕಸ್ಟಮರ್ ಆಬ್ಜೆಕ್ಟ್‌ಗೆ ‘ಬ್ಲಾಕ್ಡ್’ ಟ್ರೇಟ್ ಕೊಟ್ಟಿರುತ್ತದೆ, ಇನ್ನೊಂದು ರೂಲ್ ಬಂದು ಅದಕ್ಕೇ ‘ಗೋಲ್ಡ್’ ಕೊಡುತ್ತದೆ, ಆಮೇಲೆ ರಿಯಾಯಿತಿ ರೂಲ್‌ಗಳೂ ಓಡಿಬಿಡುತ್ತವೆ. ಟ್ರೇಟ್ ಸೇರಿಸಬಹುದು ಅಂತ ಗುರುತು ಹಾಕುವ ಟ್ರೇಟಬಲ್ ಅನೋಟೇಶನ್ ಇಡೀ ಕ್ಲಾಸ್‌ಗೆ ಹಾಕುವಂಥದ್ದು, ಒಂದೊಂದು ಆಬ್ಜೆಕ್ಟ್ ನೋಡಿ ತಡೆಯುವುದಿಲ್ಲ. ಪ್ರತಿ ರೂಲ್‌ನಲ್ಲೂ ಈಸ್‌ಎ ಚೆಕ್ (ಆ ಟ್ರೇಟ್ ಇದೆಯಾ ಅಂತ ನೋಡುವುದು) ಹಾಕಬಹುದು, ಆದರೆ ನಾಳೆ ಹೊಸ ರೂಲ್ ಬರೆಯುವವರು ಮರೆತರೆ ಮುಗೀತು.

ಬ್ಲಾಕ್ಡ್, ಗೋಲ್ಡ್ ಇವೆರಡೂ ಒಟ್ಟಿಗೆ ಇರಲೇಬಾರದು ಅಂತ ಒಂದೇ ಕಡೆ ಹೇಳಲು ದಾರಿ ಇದೆಯಾ? ಇಲ್ಲದಿದ್ದರೆ, ಸೇಲಿಯನ್ಸ್ (ರೂಲ್ ಓಡುವ ಆದ್ಯತೆ) ಜಾಸ್ತಿ ಇರುವ ಒಂದು ಕಾವಲು ರೂಲ್ ಬರೆದು, ಎರಡೂ ಕಂಡ ಕೂಡಲೇ ಗೋಲ್ಡ್ ಶೆಡ್ ಮಾಡಿಸಿದರೆ ಸಾಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.