ಅಪ್‌ಡೇಟ್: ಪೆನಾಲ್ಟಿ ಇಲ್ಲದಿದ್ದರೆ ಕಪ್ ನಮ್ಮದಾಗುತ್ತಿತ್ತಾ?

2025ರ ಏಪ್ರಿಲ್ 12ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್ ಬಗ್ಗೆ ಹಿಂದಿನ ಪೋಸ್ಟ್‌ನಲ್ಲಿ ಇಲ್ಲಿ ಕೇಳಿದ್ದೆ. ಬೆಂಗಳೂರು ಎಫ್‌ಸಿ ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಎದುರು 2-1ರಿಂದ ಸೋತಿತು. ಬಾಗಾನ್‌ಗೆ ಸಿಕ್ಕ ಪೆನಾಲ್ಟಿಯೇ ನಮ್ಮನ್ನು ಸೋಲಿಸಿತು ಅಂತ ನಾನು ವಾದಿಸಿದ್ದೆ. ಪೂರ್ತಿ ಮ್ಯಾಚ್ ಮತ್ತೆ ನೋಡಿ ಅಂತ ನಿಮ್ಮಲ್ಲಿ ಕೆಲವರು ಅಂದಿರಿ.

ನೋಡಿದೆ. ಮಂಗಳೂರಿನ ಬೋಳಾರದಲ್ಲಿ ಮಾಮನ ಮನೆಯಲ್ಲಿ, ಹೊರಗೆ ಜೋರು ಮಳೆ. ಮಾಮ ನೆಹರೂ ಮೈದಾನದ ಕೆಸರಲ್ಲಿ ವರ್ಷಗಟ್ಟಲೆ ಡಿಫೆನ್ಸ್ ಆಡಿದವರು. 49ನೇ ನಿಮಿಷದಲ್ಲಿ ಬಾಗಾನ್ ಡಿಫೆಂಡರ್ ಕಾಲಿಗೆ ತಾಗಿ ನಮಗೆ ಗೋಲು ಬಂತಲ್ಲ, ಅಲ್ಲಿ ನಾನು ಮತ್ತೆ ಕುಣಿದೆ. ಪೆನಾಲ್ಟಿ ಬಂದಾಗ ಮಾಮ ಆಟ ನಿಲ್ಲಿಸಲು ಪಾಜ್ ಒತ್ತಿದರು. ಕೈಯಲ್ಲಿದ್ದ ಗೋಳಿಬಜೆ ತಟ್ಟೆಗಿಟ್ಟು, ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. "ನಮ್ಮವನ ಕೈಗೆ ತಾಗಿದೆ ಮಾರಾಯ. ನೋಡು."

ತಾಗಿದೆ. ಒಪ್ಪಿದೆ.

ಆ ಪೆನಾಲ್ಟಿಯಿಂದ 1-1 ಆಗಿ ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಆಮೇಲೆ 96ನೇ ನಿಮಿಷದಲ್ಲಿ ಬಾಗಾನ್‌ನ ಮ್ಯಾಕ್ಲಾರೆನ್ ಗೋಲು. ಅಷ್ಟೊತ್ತಿಗೆ ನಮ್ಮವರ ಕಾಲು ಸೋತಿತ್ತು. ಲೀಗ್‌ನಲ್ಲಿ ಅವರಿಗೆ 56 ಪಾಯಿಂಟ್, ನಮಗೆ 38. ಆ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. ಅವರಲ್ಲಿ ಬದಲಿ ಆಟಗಾರರಾಗಿ ಬಂದವರೂ ಮೊದಲ ಹನ್ನೊಂದು ಮಂದಿಯಷ್ಟೇ ಗಟ್ಟಿ. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಅಲ್ಲೇ.

ಆದರೂ ಅವರ ಊರಲ್ಲಿ, ತುಂಬಿದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ, 70 ನಿಮಿಷ ದಾಟುವವರೆಗೂ ನಾವು ಮುಂದಿದ್ದೆವು. ಅದನ್ನು ಯಾರೂ ಅಳಿಸಲು ಆಗುವುದಿಲ್ಲ. ಮತ್ತೆ ನೋಡಿ ಅಂದವರಿಗೆ ಥ್ಯಾಂಕ್ಸ್. ನೀಲಿ ಜೆರ್ಸಿ ಒಗೆದು ಒಣಹಾಕಿದ್ದೇನೆ.