ಮಕ್ಕಳ ರಕ್ಷಣಾ ಘಟಕಕ್ಕೆ ಹೊಸದಾಗಿ ಸೇರಿದವರ ತರಬೇತಿ: ಕಾಯ್ದೆ ಓದಿದ ಮೇಲೆ ಕಲಿಯಬೇಕಾದದ್ದು ಎಲ್ಲಿ?

ಡೋಣಿದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಉತ್ತರ ಕರ್ನಾಟಕದ ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಈಚೆಗೆ ಗುತ್ತಿಗೆ ಆಧಾರದ ಮೇಲೆ ಸಮಾಜ ಕಾರ್ಯಕರ್ತೆಯಾಗಿ ಸೇರಿದ್ದೇನೆ. ಹೊಸತರಲ್ಲಿಯೇ ತರಬೇತಿಗೆ ಕಳುಹಿಸಿದರು. ಅಲ್ಲಿ 2015ರ ಬಾಲನ್ಯಾಯ ಕಾಯ್ದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ, ಬಾಲ್ಯವಿವಾಹ ನಿಷೇಧ ಕಾಯ್ದೆ, ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಎಲ್ಲವನ್ನೂ ಒಂದಾದ ಮೇಲೊಂದರಂತೆ ಸ್ಲೈಡುಗಳಲ್ಲಿ ವಿವರಿಸಿದರು. ವಿವರಣೆಯಲ್ಲಿ ಕೊರತೆಯೇನೂ ಇರಲಿಲ್ಲ. ಪಾಲನೆ, ರಕ್ಷಣೆ ಬೇಕಾದ ಮಗುವನ್ನು, ಪ್ರಯಾಣದ ಅವಧಿಯನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ (ಅಂಥ ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಸಮಿತಿ) ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಮೊದಲ ಹಾಜರಿಯಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶವಾಗಬೇಕು ಎಂಬುದೆಲ್ಲ ಈಗ ಬಾಯಿಪಾಠವಾಗಿದೆ.

ತೊಡಕು ಶುರುವಾಗಿರುವುದು ಅದರ ನಂತರ. ರೈಲು ನಿಲ್ದಾಣದಲ್ಲಿ ಸಿಕ್ಕ ಸುಮಾರು ಹತ್ತು ವರ್ಷದ ಹುಡುಗನೊಬ್ಬ, ಕೇಳಿದಾಗಲೆಲ್ಲ ಬೇರೆ ಬೇರೆ ಊರಿನ ಹೆಸರು ಹೇಳುತ್ತಾನೆ. ಇಲ್ಲವಾದರೆ ತಲೆ ತಗ್ಗಿಸಿ ಅಂಗಿಯ ಗುಂಡಿ ತಿರುವುತ್ತಾ ಕೂರುತ್ತಾನೆ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಇಂಥ ಮಗುವಿನೊಡನೆ ಮಾತು ಆರಂಭಿಸುವುದು ಹೇಗೆ, ನಮೂನೆ 22ರ ತನಿಖಾ ವರದಿಯಲ್ಲಿ ಏನನ್ನು ಬರೆದರೆ ಸಮಿತಿಗೆ ನಿಜವಾಗಿ ಉಪಯೋಗವಾಗುತ್ತದೆ ಎಂಬುದನ್ನು ಯಾವ ಸ್ಲೈಡೂ ಹೇಳಲಿಲ್ಲ. ಕೆಲಸದ ಜೊತೆಯಲ್ಲಿಯೇ ಇಂಥದ್ದನ್ನು ಕಲಿಯುವ ಅವಕಾಶ ನಮ್ಮ ರಾಜ್ಯದಲ್ಲಿ ಎಲ್ಲಿದೆ, ಇಲ್ಲಿರುವ ಅನುಭವಿಗಳು ಹೇಗೆ ಕಲಿತಿರಿ ಎಂಬುದನ್ನು ತಿಳಿಸಬೇಕಾಗಿ ವಿನಂತಿ.

ಬೇವಿನಕಟ್ಟೆ

ಮೇಡಂ, ಬಾಲಮಂದಿರವೊಂದರಲ್ಲಿ ಆಪ್ತ ಸಮಾಲೋಚಕಿಯಾಗಿ ದುಡಿಯುತ್ತಿರುವವಳು ನಾನು. ಮೊದಲು ಆ ಹುಡುಗನ ವಿಷಯ, ಆಮೇಲೆ ತರಬೇತಿಯ ವಿಷಯ.

ನಿಮ್ಮ ಮುಂದೆ ಬಂದು ಕೂರುವ ಹೊತ್ತಿಗೆ ಅವನನ್ನು ರೈಲ್ವೆ ಪೊಲೀಸರು, ಮಕ್ಕಳ ಸಹಾಯವಾಣಿ 1098ರ ಸಿಬ್ಬಂದಿ, ಸಂಸ್ಥೆಯ ಅಧೀಕ್ಷಕರು, ಕಾವಲಿನವರು ಎಲ್ಲರೂ ಒಂದೇ ಪ್ರಶ್ನೆ ಕೇಳಿರುತ್ತಾರೆ: ಹೆಸರೇನು, ಯಾವ ಊರು, ಮನೆ ಬಿಟ್ಟು ಯಾಕೆ ಬಂದೆ? ಊರಿನ ಹೆಸರು ಹೇಳಿದ ತಕ್ಷಣ ತನ್ನನ್ನು ಅಲ್ಲಿಗೇ ಕಳುಹಿಸಿಬಿಡುತ್ತಾರೆ ಎಂಬುದು ಅವನಿಗೆ ಗೊತ್ತು. ಆದ್ದರಿಂದ ಅವನ ಸುಳ್ಳನ್ನು ಹಟವೆಂದು ತಿಳಿಯದೆ, ಮನೆಯಲ್ಲಿ ಅವನಿಗೆ ಬೇಡವಾದದ್ದೇನೋ ಇದೆ ಎಂಬ ಸುಳಿವೆಂದು ತಿಳಿಯುವುದು ಒಳ್ಳೆಯದು. ಊರಿನ ಹೆಸರು ಹೇಳಿದರೆ ಮುಂದೆ ಏನಾಗುತ್ತದೆ, ಯಾರು ತೀರ್ಮಾನಿಸುತ್ತಾರೆ, ತೀರ್ಮಾನಕ್ಕೆ ಮುಂಚೆ ಅವನ ಮಾತನ್ನು ಯಾರು ಕೇಳುತ್ತಾರೆ ಎಂಬುದನ್ನು ಮೊದಲು ನೀವೇ ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಮೇಜಿನ ಆಚೆ ಈಚೆ ಎದುರುಬದುರಾಗಿ ಕೂರಬೇಡಿ, ಅವನು ಮಾತನಾಡುವಾಗ ಕೈಯಲ್ಲಿ ನಮೂನೆಯನ್ನು ಹಿಡಿದಿರಬೇಡಿ.

ಆಮೇಲೆ 'ಯಾಕೆ' ಎಂಬ ಪ್ರಶ್ನೆಯನ್ನು ಬಿಟ್ಟು ದಿನಚರಿಯ ಕಡೆಗೆ ತಿರುಗಿ. ಬೆಳಿಗ್ಗೆ ನಿನ್ನನ್ನು ಯಾರು ಎಬ್ಬಿಸುತ್ತಾರೆ, ನೀರು ಎಲ್ಲಿಂದ ತರುತ್ತೀರಿ, ಶಾಲೆಗೆ ನಡೆದು ಹೋಗುತ್ತೀಯೋ ಬಸ್ಸಿನಲ್ಲೋ, ಬಸ್ಸಿನ ಬೋರ್ಡಿನಲ್ಲಿ ಏನು ಬರೆದಿರುತ್ತದೆ, ಜಾತ್ರೆ ಯಾವಾಗ, ಮಳೆಗಾಲ ಮುಗಿದ ಮೇಲೆ ಅಪ್ಪ ಅಮ್ಮ ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ ಎಂದು ಕೇಳಿ. ಒಮ್ಮೆ ಹೀಗೆ ಮಾತನಾಡುತ್ತಿದ್ದಾಗ ಹುಡುಗನೊಬ್ಬ ತಾಯಿಯನ್ನು 'ಯಾಡಿ' ಎಂದ. ಮನೆಮಾತು ಲಂಬಾಣಿ ಎಂದು ಅದರಿಂದ ತಿಳಿಯಿತು. ತಾಂಡಾದಿಂದ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದ ಕುಟುಂಬವೆಂಬುದೂ ನಿಧಾನವಾಗಿ ಹೊರಬಂತು. ಅವನ ಮನೆಮಾತು ಬಲ್ಲವರನ್ನು ಕೂರಿಸಿಕೊಂಡ ಮೇಲೆ ಊರನ್ನು ನಾವು ಕೇಳಬೇಕಾಗಿಯೇ ಬರಲಿಲ್ಲ.

ಇಂಥದ್ದನ್ನು ಕಲಿಸುವವರು ಇಲ್ಲವೆಂದಲ್ಲ. ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗದಲ್ಲಿ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ 2020ರಲ್ಲಿ ಆರಂಭವಾದ 'ಸಂವಾದ್' ಎಂಬ ಉಪಕ್ರಮವಿದೆ. ಅಲ್ಲಿನ ತರಬೇತಿಯಲ್ಲಿ ಉಪನ್ಯಾಸಕ್ಕಿಂತ ಪಾತ್ರಾಭಿನಯಕ್ಕೆ, ಪ್ರಕರಣಗಳ ಚರ್ಚೆಗೆ ಹೆಚ್ಚು ಜಾಗವಿದೆ. ಆನ್‌ಲೈನ್ ಕಾರ್ಯಕ್ರಮಗಳೂ ನಡೆಯುವುದರಿಂದ ಜಿಲ್ಲೆ ಬಿಟ್ಟು ಹೋಗಲಾಗದವರಿಗೂ ಅನುಕೂಲ. ನಾವೆಲ್ಲ ನಿಪ್‌ಸಿಡ್ ಎಂದು ಕರೆಯುವ, ರಾಷ್ಟ್ರೀಯ ಸಾರ್ವಜನಿಕ ಸಹಕಾರ ಮತ್ತು ಮಕ್ಕಳ ಅಭಿವೃದ್ಧಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಈಗ ಅದಕ್ಕೆ ಸಾವಿತ್ರಿಬಾಯಿ ಫುಲೆ ಅವರ ಹೆಸರಿಟ್ಟಿದ್ದಾರೆ. ಅಲ್ಲಿಗೆ ಇಲಾಖೆಯ ಮೂಲಕ ನಿಯೋಜನೆಯಾಗಬೇಕಾಗುತ್ತದೆ, ಆದ್ದರಿಂದ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗಳಿಗೆ ಬರೆದು ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಕಡತಕ್ಕೆ ಸೇರುವುದಿಲ್ಲ.

ಹಳೇಕಡತ

ಹಿಂದೊಮ್ಮೆ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯನಾಗಿದ್ದವನು ನಾನು. ವರದಿಯ ಬಗ್ಗೆ, ಅದನ್ನು ಓದುವವರ ಕಡೆಯಿಂದ ಹೇಳಬಲ್ಲೆ.

ನಮ್ಮ ಮುಂದೆ ಬರುತ್ತಿದ್ದ ವರದಿಗಳಲ್ಲಿ ಹೆಚ್ಚಿನವು ಹೀಗಿರುತ್ತಿದ್ದವು: "ಕುಟುಂಬದ ಆರ್ಥಿಕ ಸ್ಥಿತಿ ಸಾಧಾರಣವಾಗಿದೆ. ತಂದೆಗೆ ಕುಡಿತದ ಚಟವಿದೆ. ಮಗುವಿನ ಹಿತದೃಷ್ಟಿಯಿಂದ ಸಂಸ್ಥೆಯಲ್ಲಿ ಇರಿಸಿಕೊಳ್ಳಬಹುದು." ಇದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲದಿರಬಹುದು, ಆದರೆ ಆದೇಶ ಬರೆಯಲು ಬೇಕಾದದ್ದು ಒಂದೂ ಇಲ್ಲ. ತಂದೆ ಯಾವ ಹೊತ್ತಿನಲ್ಲಿ ಮನೆಯಲ್ಲಿರುತ್ತಾನೆ, ಅವನು ಕುಡಿದು ಬಂದ ರಾತ್ರಿ ಮಗು ಎಲ್ಲಿ ಮಲಗುತ್ತದೆ, ಪಕ್ಕದ ಮನೆಯ ಅಜ್ಜಿ ಕರೆದುಕೊಳ್ಳುತ್ತಾಳೆಯೇ, ಶಾಲೆಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಯಾವ ತಿಂಗಳಿಂದ ನಿಂತಿದೆ, ಸೋದರಮಾವನ ಮನೆಯವರು ಏನೆಂದರು: ಇಷ್ಟನ್ನು ಕಣ್ಣಾರೆ ಕಂಡು, ಕೇಳಿ ಬರೆದಿದ್ದರೆ ಸಮಿತಿಗೆ ದಾರಿ ಕಾಣುತ್ತದೆ. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊನೆಯ ಉಪಾಯವಾಗಿರಬೇಕು ಎಂಬುದು ಬಾಲನ್ಯಾಯ ಕಾಯ್ದೆಯ ಮೂಲತತ್ತ್ವಗಳಲ್ಲಿ ಒಂದು. ಅಜ್ಜಿಯ ಮನೆಯಲ್ಲಿ ಬೆಳೆಯಬಲ್ಲ ಮಗುವಿಗೆ ಬಡತನವೊಂದೇ ಅಡ್ಡಿಯಾಗಿದ್ದರೆ, ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವಕ್ಕೆ (ಮಗುವಿನ ಪಾಲನೆಗೆ ಕೊಡುವ ನೆರವು) ಅರ್ಹತೆಯಿದೆಯೇ ಎಂದು ಪರಿಶೀಲಿಸಬಹುದು. ಆ ಅಜ್ಜಿಯ ಸುದ್ದಿಯೇ ವರದಿಯಲ್ಲಿ ಇಲ್ಲದಿದ್ದರೆ ಸಮಿತಿ ಏನು ಮಾಡೀತು?

ನೋಡಿದ್ದು ಯಾವುದು, ಇತರರು ಹೇಳಿದ್ದು ಯಾವುದು, ನಿಮ್ಮ ಅಭಿಪ್ರಾಯ ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. 'ಮಗು ಸುಳ್ಳು ಹೇಳುವ ಸ್ವಭಾವದ್ದು' ಎಂಬ ಒಂದು ಸಾಲು, ಬರೆದವರು ಕೆಲಸ ಬಿಟ್ಟು ಹೋದ ಮೇಲೂ, ಆ ಮಗುವಿನ ಕಡತದಲ್ಲಿ ಉಳಿಯುತ್ತದೆ. ವೈಯಕ್ತಿಕ ಪಾಲನಾ ಯೋಜನೆ ಸಿದ್ಧಪಡಿಸುವವರು ಅದನ್ನೇ ನಂಬುತ್ತಾರೆ.

ನನ್ನ ಸಲಹೆಯಿಷ್ಟು. ನಿಮ್ಮ ಘಟಕದಲ್ಲಿ ಇತ್ಯರ್ಥವಾದ ಹಳೆಯ ಪ್ರಕರಣಗಳ ವರದಿ ಮತ್ತು ಅದರ ಮೇಲಾದ ಆದೇಶ ಎರಡನ್ನೂ, ಮೇಲಧಿಕಾರಿಗಳ ಅನುಮತಿ ಪಡೆದು, ಕಚೇರಿಯಲ್ಲಿಯೇ ಕೂತು ಜೊತೆಜೊತೆಯಾಗಿ ಓದಿ. ವರದಿಯ ಯಾವ ಸಾಲು ಆದೇಶದಲ್ಲಿ ಆಧಾರವಾಗಿ ಬಂದಿದೆ, ಯಾವುದು ಸುಮ್ಮನೆ ಉಳಿದುಹೋಗಿದೆ ಎಂಬುದನ್ನು ಗುರುತಿಸಿಕೊಳ್ಳಿ. ನಾನು ಕಂಡಂತೆ ಯಾವ ಕಾರ್ಯಾಗಾರವೂ ವರದಿ ಬರೆಯುವುದನ್ನು ಇಷ್ಟು ಬೇಗ ಕಲಿಸುವುದಿಲ್ಲ.

ಇನ್ನೊಂದು ಮಾತು. ಸಮಿತಿಯ ಸದಸ್ಯರಿಗೆ ನೇಮಕದ ಅಧಿಸೂಚನೆಯಾದ ಎರಡು ತಿಂಗಳೊಳಗೆ ಪ್ರಾರಂಭಿಕ ತರಬೇತಿ ಕೊಡಬೇಕೆಂದು ಬಾಲನ್ಯಾಯ ಕಾಯ್ದೆಯ 27ನೇ ಕಲಮಿನಲ್ಲಿದೆ. ಆದರೆ ಸದಸ್ಯರಿಗೊಂದು, ಪೊಲೀಸರಿಗೊಂದು, ಸಮಾಜ ಕಾರ್ಯಕರ್ತರಿಗೊಂದು ಎಂದು ಬೇರೆ ಬೇರೆ ತರಬೇತಿ ನಡೆದರೆ, ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಏನು ಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ. ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಕರಣವನ್ನು ಚರ್ಚೆಗೆ ಕೊಟ್ಟರೆ ಅರ್ಧ ಜಗಳ ಅಲ್ಲಿಯೇ ತೀರುತ್ತದೆ.

ಮಲೆಸೀಮೆ

ಮೇಲಿನವರ ಮಾತುಗಳನ್ನು ಒಪ್ಪುತ್ತಲೇ, ಸ್ವಲ್ಪ ಕಟುವಾದದ್ದನ್ನು ಹೇಳುತ್ತೇನೆ. ತರಬೇತಿಯ ಕೊರತೆ ಎಂದು ನಾವು ಕರೆಯುತ್ತಿರುವುದರಲ್ಲಿ ದೊಡ್ಡ ಪಾಲು ನೇಮಕಾತಿಯ ಸಮಸ್ಯೆ. ಘಟಕಕ್ಕೆ ಇಬ್ಬರೇ ಸಮಾಜ ಕಾರ್ಯಕರ್ತರು, ಅವರೂ ಗುತ್ತಿಗೆಯವರು. ತರಬೇತಿ ಪಡೆದು ಕೈ ಪಳಗುವ ಹೊತ್ತಿಗೆ ಬೇರೆಡೆ ಕಾಯಂ ಕೆಲಸ ಸಿಕ್ಕರೆ ಹೋಗುತ್ತಾರೆ, ಹೋದವರನ್ನು ದೂರುವಂತೆಯೂ ಇಲ್ಲ. ಅವರ ಜಾಗಕ್ಕೆ ಬಂದವರು ಮತ್ತೆ ಮೊದಲ ಸ್ಲೈಡಿನಿಂದ ಆರಂಭಿಸಬೇಕು. ತಿಂಗಳಿಗೊಮ್ಮೆ ಘಟಕದೊಳಗೇ ಪ್ರಕರಣ ಚರ್ಚೆ ನಡೆಯುವ ಪದ್ಧತಿಯಿದ್ದರೆ ಕಲಿತದ್ದು ಒಬ್ಬರ ಜೊತೆಯಲ್ಲಿಯೇ ಹೊರಟು ಹೋಗುವುದಿಲ್ಲ. ನಾನು ಬಲ್ಲ ಒಂದು ಜಿಲ್ಲೆಯಲ್ಲಿ ಶನಿವಾರ ಮಧ್ಯಾಹ್ನ ಇದನ್ನು ನಡೆಸುತ್ತಿದ್ದರು. ಅಂಕಿಅಂಶಗಳ ಪರಿಶೀಲನೆಗೆ ಅಲ್ಲಿ ಅವಕಾಶವಿರಲಿಲ್ಲ. ಒಬ್ಬರು ತಮ್ಮನ್ನು ಕಾಡುತ್ತಿರುವ ಒಂದು ಪ್ರಕರಣವನ್ನು ಮುಂದಿಡುವುದು, ಉಳಿದವರು ಪ್ರಶ್ನೆ ಕೇಳುವುದು, ಅಷ್ಟೇ.

ಇದರಿಂದ ಮತ್ತೊಂದು ಉಪಯೋಗವೂ ಇದೆ. ಹಿಂಸೆಗೆ ಒಳಗಾದ ಮಕ್ಕಳ ಮಾತನ್ನು ದಿನವೂ ಕೇಳುವವರಿಗೆ ನಿದ್ದೆಗೆಡುವುದು, ಮನೆಯವರ ಮೇಲೆ ಸಿಡುಕುವುದು, ಕೊನೆಗೆ ಏನು ಕೇಳಿದರೂ ಏನೂ ಅನ್ನಿಸದಿರುವುದು ಅಪರೂಪವಲ್ಲ. ಅದನ್ನು ಹೇಳಿಕೊಳ್ಳಲು ಕಚೇರಿಯಲ್ಲಿ ಒಂದು ಜಾಗ ಬೇಕು. ಊಟದ ಹೊತ್ತಿನ ಹರಟೆಯಲ್ಲಿ ಹೇಳಿಕೊಂಡರೆ ಮಗುವಿನ ಗೋಪ್ಯತೆ ಹೋಗುತ್ತದೆ.

ಡೋಣಿದಂಡೆ

ಮೂವರಿಗೂ ಧನ್ಯವಾದಗಳು. ದಿನಚರಿಯ ಪ್ರಶ್ನೆಗಳಿಂದಲೇ ಆರಂಭಿಸುತ್ತೇನೆ, ಹಳೆಯ ವರದಿಗಳನ್ನು ಓದಲು ಅನುಮತಿಯನ್ನೂ ಕೇಳುತ್ತೇನೆ. ಬೇವಿನಕಟ್ಟೆ ಮೇಡಂ ಅವರಲ್ಲಿ ಇನ್ನೊಂದು ಪ್ರಶ್ನೆ: ಹೀಗೆ ಮಾತನಾಡುವಾಗ ಮಗು ಲೈಂಗಿಕ ದೌರ್ಜನ್ಯದ ಸಂಗತಿಯನ್ನು ಹೇಳಿ, ಯಾರಿಗೂ ಹೇಳಬಾರದೆಂದು ಮಾತು ಕೊಡುವಂತೆ ಕೇಳಿದರೆ ಏನು ಮಾಡಬೇಕು?

ಬೇವಿನಕಟ್ಟೆ

ಆ ಮಾತು ಕೊಡಬೇಡಿ ಮೇಡಂ. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅಂಥ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ, ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ಸ್ಥಳೀಯ ಪೊಲೀಸರಿಗೋ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆಯಿದೆ. ಮಾತು ಕೊಟ್ಟು ಆಮೇಲೆ ಮುರಿದರೆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ. 'ನಿನ್ನನ್ನು ಕಾಪಾಡಬೇಕಾದವರಿಗೆ ಮಾತ್ರ ಹೇಳುತ್ತೇನೆ, ಯಾರಿಗೆ ಹೇಳುತ್ತೇನೆಂದು ನಿನಗೆ ಮೊದಲೇ ತಿಳಿಸುತ್ತೇನೆ' ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ವಿವರಗಳನ್ನು ಕೆದಕಿ ಕೇಳುವುದು ನಮ್ಮ ಕೆಲಸವಲ್ಲ. ಪೊಲೀಸರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ, ವಿಶೇಷ ನ್ಯಾಯಾಲಯದಲ್ಲಿ ಮಗು ಅದನ್ನೇ ಮತ್ತೆ ಹೇಳಬೇಕಾಗಿರುವಾಗ ನಾವೂ ಒಂದು ಸಲ ಹೇಳಿಸುವುದು ಬೇಡ. ತಾನಾಗಿ ಹೇಳಿದ್ದನ್ನು ಅದರ ಮಾತಿನಲ್ಲಿಯೇ, ನಮ್ಮ ಶಿಷ್ಟ ಕನ್ನಡಕ್ಕೆ ತಿದ್ದದೆ, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಡಿ. ಪೊಲೀಸರು ವಿಷಯವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ವರದಿ ಮಾಡಬೇಕು. ಆ ವರದಿ ಸಮಿತಿಗೆ ತಲುಪಿದೆಯೇ, 2020ರ ಪೋಕ್ಸೊ ನಿಯಮಗಳಂತೆ ಮಗುವಿನ ಮತ್ತು ಪೋಷಕರ ಒಪ್ಪಿಗೆ ಪಡೆದು ಬೆಂಬಲ ವ್ಯಕ್ತಿಯನ್ನು (ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿಗೆ ಜೊತೆಯಾಗಿ ನೆರವಾಗುವವರು) ಒದಗಿಸಲಾಗಿದೆಯೇ ಎಂಬುದನ್ನು ಮರುದಿನವೇ ಫೋನ್ ಮಾಡಿ ವಿಚಾರಿಸಿ.